ಒಂದೇ ಟೀಮಿನವರು ಒಬ್ಬರ ಗ್ರಾಹಕರನ್ನು ಇನ್ನೊಬ್ಬರು ಎಳೆದುಕೊಂಡರೆ ಲೀಡರ್ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಡೈರೆಕ್ಟ್ ಸೆಲ್ಲಿಂಗ್ ಕಂಪನಿಯೊಂದರಲ್ಲಿ, ಅಂದರೆ ಅಂಗಡಿ ಇಲ್ಲದೆ ಸದಸ್ಯರ ಮೂಲಕ ನೇರವಾಗಿ ಮಾರುವ ಕಂಪನಿಯಲ್ಲಿ, ನೀವು ಟೀಮ್ ಕಟ್ಟಿದ್ದೀರಿ. ನಿಮ್ಮ ಕೆಳಗಿನ ಇಬ್ಬರು ಹಳೆಯ ಸದಸ್ಯೆಯರ ನಡುವೆ ಪೈಪೋಟಿ ಮಿತಿ ಮೀರಿದೆ. ಒಬ್ಬರು ಇನ್ನೊಬ್ಬರ ಗ್ರಾಹಕರಿಗೆ ಫೋನ್ ಮಾಡಿ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. 'ಅವರ ಹತ್ತಿರ ಇರೋದೆಲ್ಲ ಹಳೇ ಸ್ಟಾಕು' ಎಂದು ಹಬ್ಬಿಸುತ್ತಿದ್ದಾರೆ. ಈಗ ಆ ಇನ್ನೊಬ್ಬರ ಡೌನ್‌ಲೈನ್‌ನಲ್ಲಿ, ಅಂದರೆ ಅವರ ಕೆಳಗೆ, ಇದ್ದ ಒಬ್ಬ ಸದಸ್ಯೆಯನ್ನು ಆಕೆಯ ಗಂಡನ ಹೆಸರಲ್ಲಿ ಹೊಸ ಐಡಿ (ಸದಸ್ಯತ್ವದ ನಂಬರ್) ಮಾಡಿಸಿ ತಮ್ಮ ಕಡೆ ಸೇರಿಸಿಕೊಂಡಿದ್ದಾರೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲಾ, ಕಂಪನಿಗೆ ದೂರು ಕೊಡಲಾ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಮನೆ ಬಳಕೆಯ ಸಾಮಾನು, ಪ್ರೋಟೀನ್ ಪುಡಿ, ಕ್ರೀಮು ಇಂಥವನ್ನು ಮಾರುವ ಟೀಮ್ ನಮ್ಮದು. ನನ್ನ ಮಾತು ಕೇಳಿದರೆ, ರಾಜಿಗೆ ಈಗಲೇ ಕೈ ಹಾಕಬೇಡಿ. ನೀವು ಹೇಳಿರುವುದು ಮೂರು ಬೇರೆ ಬೇರೆ ತಪ್ಪು. ಮೂರಕ್ಕೂ ಒಂದೇ ಮದ್ದು ಇಲ್ಲ. ಒಟ್ಟಿಗೆ ಕೂರಿಸಿದರೆ 'ಅವಳು ಹಾಗಂದ್ಲು, ನಾನು ಹೀಗಂದೆ' ಅನ್ನೋದರಲ್ಲೇ ಮಧ್ಯಾಹ್ನ ಮುಗಿಯುತ್ತೆ.

ಮೊದಲು ಬೆಲೆ ವಿಷಯ. ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ಕಾನೂನಿನ ತಪ್ಪು. ಕಡಿಮೆಗೆ ಕೊಟ್ಟರೆ ಅಲ್ಲ. ಕೆಲವು ಕಂಪನಿಗಳು ಸದಸ್ಯರ ಒಪ್ಪಂದದಲ್ಲಿ ಇದನ್ನು ನಿಷೇಧಿಸಿರುತ್ತವೆ, ನಿಮ್ಮದರಲ್ಲಿ ಏನಿದೆ ಅಂತ ಓದಿ. ಆದರೆ ಅದಕ್ಕಿಂತ ಮುಖ್ಯವಾಗಿ, ಆಕೆ ಯಾಕೆ ಹಾಗೆ ಮಾಡುತ್ತಿದ್ದಾರೆ ಅಂತ ಲೆಕ್ಕ ಹಾಕಿ ನೋಡಿ. ಸುಮ್ನೆ ಹೊಟ್ಟೆಕಿಚ್ಚಿಗೆ ಯಾರೂ ಲಾಭ ಬಿಟ್ಟುಕೊಡೋದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಂಗಳ ಬಿವಿ (ಬಿಸಿನೆಸ್ ವಾಲ್ಯೂಮ್, ಕಮಿಷನ್ ಲೆಕ್ಕಕ್ಕೆ ಮಾರಾಟದ ಮೇಲೆ ಸಿಗುವ ಅಂಕ) 40,000 ಮುಟ್ಟಿದರೆ ಕಮಿಷನ್ ಶೇ. 6 ಇದ್ದದ್ದು ಶೇ. 9 ಆಗುತ್ತೆ, ಅದೂ ಇಡೀ ತಿಂಗಳ ಬಿವಿಗೆ. ಲೆಕ್ಕ ಸುಲಭವಾಗಲಿ ಅಂತ ಒಂದು ಬಿವಿ ಅಂದರೆ ಒಂದು ರೂಪಾಯಿ ಎಂದುಕೊಳ್ಳಿ. ತಿಂಗಳ ಲೆಕ್ಕದ ಕ್ಲೋಸಿಂಗ್‌ಗೆ ಎರಡು ದಿನ ಇರುವಾಗ ಆಕೆಯದು 38,000ಕ್ಕೆ ನಿಂತಿದೆ. ಅಲ್ಲೇ ನಿಂತರೆ 2,280 ರೂಪಾಯಿ. ಇನ್ನೂ 2,000 ಸೇರಿಸಿದರೆ 3,600. ಎಂಆರ್‌ಪಿ 2,500 ಇರುವ ಸಾಮಾನನ್ನು ಸದಸ್ಯರ ಬೆಲೆ 2,000ಕ್ಕೇ ಕೊಟ್ಟುಬಿಟ್ಟರೆ 500 ರೂಪಾಯಿ ಲಾಭ ಹೋಯಿತು, ಆದರೆ ಕಮಿಷನ್‌ನಲ್ಲಿ 1,320 ಹೆಚ್ಚಾಗಿ ಬಂತು. ಎರಡು ದಿನದಲ್ಲಿ ಹೊಸ ಗ್ರಾಹಕರು ಎಲ್ಲಿ ಸಿಗುತ್ತಾರೆ? ಪಕ್ಕದವರ ಗ್ರಾಹಕರೇ ಕಣ್ಣಿಗೆ ಬೀಳೋದು. ಅಂದರೆ ಈ ಜಗಳ ಬಹುಪಾಲು ತಿಂಗಳ ಕೊನೆಯ ವಾರದಲ್ಲೇ ಹುಟ್ಟುತ್ತೆ. ನಿಮ್ಮ ಹಳೆಯ ವಾಟ್ಸಾಪ್ ಮೆಸೇಜುಗಳ ತಾರೀಖು ನೋಡಿ, ಹೆಚ್ಚಿನವು ಅಲ್ಲೇ ಸಿಗುತ್ತವೆ.

ಇದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ನಿಮ್ಮ ಕೈಲಿರುವುದನ್ನು ಬದಲಾಯಿಸಿ. ಗ್ರೂಪಿನಲ್ಲಿ 25ನೇ ತಾರೀಖಿನಿಂದ ದಿನಾ 'ಯಾರು ಎಷ್ಟು' ಅಂತ ಪಟ್ಟಿ ಹಾಕಿ ಚಪ್ಪಾಳೆ ಇಮೋಜಿ ಒತ್ತೋದನ್ನು ನಿಲ್ಲಿಸಿ. ನೀವು ಕೈಯಿಂದ ಬಹುಮಾನ ಕೊಡುವುದಾದರೆ ಒಟ್ಟು ಮಾರಾಟಕ್ಕೆ ಕೊಡಬೇಡಿ. ಹೋದ ತಿಂಗಳು ಕೊಂಡವರು ಈ ತಿಂಗಳು ಮತ್ತೆ ಕೊಂಡರೆ ಅದಕ್ಕೆ ಕೊಡಿ. ಕಡಿಮೆ ಬೆಲೆಗೆ ಒಮ್ಮೆ ಎಳೆದುಕೊಂಡ ಗ್ರಾಹಕರು ಮುಂದಿನ ಸಲವೂ ಅದೇ ಬೆಲೆ ಕೇಳುತ್ತಾರೆ. ಆಗ ಅವರನ್ನು ಉಳಿಸಿಕೊಳ್ಳೋದು ಎಳೆದುಕೊಂಡವರಿಗೇ ಭಾರ.

ಎರಡನೆಯದು ಬಾಯಿಮಾತಿನ ಅಪಪ್ರಚಾರ. ಹಳೇ ಸ್ಟಾಕು ಅನ್ನೋದನ್ನು ಮುರಿಯೋದು ಸುಲಭ. ಬಿಲ್ಲು ಕೊಡಿ, ಪ್ಯಾಕಿನ ಮೇಲಿನ ತಾರೀಖು ಗ್ರಾಹಕರ ಎದುರೇ ಓದಿ ತೋರಿಸಿ. ನನಗೆ ನಿಜವಾಗಿ ಭಯ ಇರುವುದು ಇನ್ನೊಂದು ಮಾತಿಗೆ. ಇಂಥ ಪೈಪೋಟಿಯಲ್ಲಿ ಒಬ್ಬರು 'ನಮ್ಮ ಪುಡಿ ಒಳ್ಳೇದು' ಅಂದರೆ ಇನ್ನೊಬ್ಬರು 'ಮೂರು ತಿಂಗಳು ತಗೊಳ್ಳಿ, ಶುಗರ್ ಮಾತ್ರೆ ಬಿಡಬಹುದು' ಅನ್ನೋ ಮಟ್ಟಕ್ಕೆ ಹೋಗುತ್ತಾರೆ. ನಿಮ್ಮ ಟೀಮಿನಲ್ಲಿ ಯಾರ ಬಾಯಲ್ಲಾದರೂ ಇದನ್ನು ಕೇಳಿದರೆ ಅವತ್ತೇ ನಿಲ್ಲಿಸಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂಬ ಜಾಹೀರಾತನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ. ವಾಟ್ಸಾಪ್ ಸ್ಟೇಟಸ್ ಹಾಕಿದರೂ ಅದು ಪ್ರಚಾರವೇ ಅಲ್ವಾ? 2021ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ತಂದ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳೂ ಕಂಪನಿ ಒಪ್ಪದ ಯಾವ ಮಾತನ್ನೂ ಮಾರಾಟಕ್ಕಾಗಿ ಹೇಳಬಾರದು ಅನ್ನುತ್ತವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳದೆ ಯಾರ ಮನೆಗೂ ಹೋಗಬಾರದು ಅಂತಲೂ ಇದೆ. ಪಕ್ಕದವರ ಗ್ರಾಹಕರ ಮನೆ ಬಾಗಿಲಿಗೆ ಏಕಾಏಕಿ ಹೋಗಿ ನಿಲ್ಲುವವರಿಗೆ ಈ ಒಂದು ಸಾಲು ತೋರಿಸಿದರೆ ಸಾಕು.

ಮೂರನೆಯದು ಐಡಿ. ಇದು ನಿಮ್ಮ ಮಟ್ಟದಲ್ಲಿ ಬಗೆಹರಿಯೋದಿಲ್ಲ, ಬಗೆಹರಿಸಲೂ ಬಾರದು. ಒಂದು ಲೈನಿನಲ್ಲಿದ್ದವರು ಇನ್ನೊಂದಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಹಳೆಯ ಐಡಿಗೆ ರಾಜೀನಾಮೆ ಕೊಟ್ಟು, ಕೆಲವು ತಿಂಗಳು ಸುಮ್ಮನಿದ್ದು, ಆಮೇಲೆ ಹೊಸದಾಗಿ ಸೇರಬೇಕು. ಗಂಡ ಹೆಂಡತಿ ಬೇರೆ ಬೇರೆ ಲೈನಿನಲ್ಲಿ ಇರುವುದನ್ನೂ ಹಲವು ಕಂಪನಿಗಳು ಒಪ್ಪೋದಿಲ್ಲ. ನಿಮ್ಮ ಕಂಪನಿಯ ನಿಯಮದ ಪುಟ ತೆಗೆದು, ಎರಡೂ ಐಡಿ ನಂಬರ್, ಸೇರಿದ ತಾರೀಖು, ವಿಳಾಸ ಒಂದೇ ಇರುವುದು, ಇಷ್ಟನ್ನೇ ಇಮೇಲ್ ಮಾಡಿ. 'ಮೋಸ', 'ಕಳ್ಳತನ' ಅನ್ನೋ ಪದ ಬೇಡ. ಸ್ಕ್ರೀನ್‌ಶಾಟ್ ಎರಡು ಮೂರು ಸಾಕು. ಕೆವೈಸಿ ಕಾಗದ ಕಂಪನಿಯ ಹತ್ತಿರವೇ ಇರುತ್ತೆ, ಉಳಿದದ್ದು ಅವರಿಗೆ ಗೊತ್ತಾಗುತ್ತೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. 'ಮೊದಲು ಅಪ್‌ಲೈನ್‌ಗೆ ಹೇಳಿ', ಅಂದರೆ ಟೀಮಿನಲ್ಲಿ ನಿಮಗಿಂತ ಮೇಲಿನವರಿಗೆ ಹೇಳಿ, ಅಂತ ಎಲ್ಲರೂ ಹೇಳುತ್ತಾರೆ. ಹೇಳಿ, ತಪ್ಪಿಲ್ಲ. ಆದರೆ ಈ ಇಬ್ಬರೂ ಒಂದೇ ಅಪ್‌ಲೈನ್ ಕೆಳಗೆ ಇದ್ದಾರೆ. ಗ್ರಾಹಕರು ಒಬ್ಬರಿಂದ ಇನ್ನೊಬ್ಬರ ಕಡೆಗೆ ಹೋದರೆ ಮೇಲಿನವರ ಬಿವಿ ಒಂದು ಪೈಸೆಯೂ ಕಡಿಮೆ ಆಗೋದಿಲ್ಲ. ಹಾಗಾಗಿ ಅವರು 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂತಾರೆ. ಅದೇ ಸದಸ್ಯೆ ಬೇರೆ ಅಪ್‌ಲೈನ್ ಕಡೆ ಹಾರಿದ್ದರೆ ಅದೇ ಮನುಷ್ಯ ರಾತ್ರೋರಾತ್ರಿ ಕಾರು ಹತ್ತಿ ಬರುತ್ತಿದ್ದರು. ನಿಮ್ಮ ಜಾಗವೂ ಹೆಚ್ಚು ಕಡಿಮೆ ಹಾಗೇ ಇದೆ ಅನ್ನೋದನ್ನು ನೆನಪಿಡಿ. ಅವರಿಬ್ಬರ ಬಿವಿಯೂ ನಿಮಗೇ ಬರುತ್ತೆ. ನಷ್ಟ ಆದವರಿಗೆ ಅದು ಗೊತ್ತು. ನೀವು ತಡ ಮಾಡಿದಷ್ಟೂ ನೀವೂ ಅದರಲ್ಲಿ ಪಾಲುದಾರರು ಅಂತಲೇ ಅವರು ತಿಳಿಯುತ್ತಾರೆ. ಅದಕ್ಕೇ ಇಮೇಲ್ ನಿಮ್ಮ ಹೆಸರಿನಿಂದಲೇ ಹೋಗಲಿ.

ಇನ್ನು ಮುಂದಕ್ಕೆ ಏನು ಅಂತ. ನಮ್ಮಲ್ಲಿ ಒಂದು ಗೂಗಲ್ ಶೀಟ್ ಇದೆ. ಹೊಸಬರನ್ನು ಮಾತಾಡಿಸಿದ ದಿನವೇ ಹೆಸರಿನ ಮೊದಲ ಅಕ್ಷರ, ಬಡಾವಣೆ, ಫೋನಿನ ಕೊನೆಯ ನಾಲ್ಕು ಅಂಕಿ, ಮಾತಾಡಿಸಿದವರು ಯಾರು, ಇಷ್ಟು ಬರೆಯಬೇಕು. ಪೂರ್ತಿ ನಂಬರ್ ಬರೆಸಬೇಡಿ. ಬರೆಸಿದರೆ ಆ ಶೀಟನ್ನೇ ಕದಿಯುತ್ತಾರೆ! 30 ದಿನ ಆ ಗ್ರಾಹಕರು ಹೆಸರು ಬರೆದ ಸದಸ್ಯರ ಪಾಲು. ಅಷ್ಟರಲ್ಲಿ ಆರ್ಡರ್ ಬರಲಿಲ್ಲ, ಮತ್ತೆ ಮಾತಾಡಿಸಿದ ದಾಖಲೆಯೂ ಇಲ್ಲ ಅಂದರೆ ಯಾರು ಬೇಕಾದರೂ ಹೋಗಬಹುದು. ಡೆಮೊ ಒಬ್ಬರದು, ಬಿಲ್ಲು ಇನ್ನೊಬ್ಬರದು ಆದಾಗ ಆ ಮೊದಲ ಬಿಲ್ಲಿನ ಲಾಭದಲ್ಲಿ ಅರ್ಧ ಅರ್ಧ. ಕಂಪನಿ ನಿಯಮ ಅಲ್ಲ ಇದು, ನಾವೇ ಕೂತು ಒಪ್ಪಿಕೊಂಡದ್ದು. ಮೊದಮೊದಲು ಗೊಣಗಿದರು. ಶೀಟಿನಲ್ಲಿ ಇಲ್ಲದ ಗ್ರಾಹಕರ ಬಗ್ಗೆ ನಾನು ಪಂಚಾಯಿತಿ ಮಾಡೋದಿಲ್ಲ ಅಂದ ಮೇಲೆ ಬರೆಯತೊಡಗಿದರು.

ಒಂದು ವಿನಾಯಿತಿ ಇದೆ. ಗ್ರಾಹಕರೇ 'ನನಗೆ ಇವರ ಹತ್ತಿರವೇ ಬೇಕು' ಅಂದರೆ ಶೀಟು ಮುಚ್ಚಿಡಬೇಕು. ಗ್ರಾಹಕರು ಯಾರ ಆಸ್ತಿಯೂ ಅಲ್ಲ. 'ಅವರು ಮೊದಲು ಬಂದಿದ್ದರು, ಅವರ ಹತ್ತಿರವೇ ತಗೊಳ್ಳಿ' ಅಂತ ನೀವು ಫೋನ್ ಮಾಡಿದರೆ ಆ ಗ್ರಾಹಕರು ಇಬ್ಬರನ್ನೂ ಬಿಟ್ಟು ಅಂಗಡಿಗೆ ಹೋಗುತ್ತಾರೆ. ಅವರನ್ನು ಸಾಕ್ಷಿಗೂ ಕರೆಯಬೇಡಿ.

ಇಷ್ಟೆಲ್ಲ ಆದ ಮೇಲೆ ಇಬ್ಬರನ್ನೂ ಕೂರಿಸಬಹುದು. ಅದಕ್ಕೂ ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಕಂಡು ಮಾತಾಡಿ, ಫೋನಿನಲ್ಲಿ ಬೇಡ. ಕೂತಾಗ ಹಳೆಯದನ್ನು ಕೆದಕದೆ ಶೀಟಿನ ನಿಯಮ ಓದಿ ಒಪ್ಪಿಗೆ ಕೇಳಿ. ಕ್ಷಮೆ ಕೇಳಿಸೋ ನಾಟಕ ಬೇಡ.

ಕೊನೆಯದಾಗಿ, ನೀವು ಬರೆಯದೇ ಬಿಟ್ಟಿರುವ ಒಂದು ವಿಷಯ ಕೇಳುತ್ತೇನೆ. ಇವರ ಜಗಳ ಸಾಮಾನು ಕೊಳ್ಳುವವರಿಗಾಗಿಯಾ, ಅಥವಾ ಹೊಸದಾಗಿ ಸೇರುವವರಿಗಾಗಿಯಾ? ಹೆಚ್ಚಿನದು ಜಾಯ್ನಿಂಗ್‌ಗಾಗಿಯೇ ಆಗಿದ್ದರೆ, ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬರುತ್ತಿದ್ದರೆ, ಅದು ಟೀಮಿನ ಸಮಸ್ಯೆ ಅಲ್ಲ. ಪಿರಮಿಡ್ ಸ್ಕೀಮ್ ನಡೆಸೋದನ್ನೂ ಅದರಲ್ಲಿ ಭಾಗಿಯಾಗೋದನ್ನೂ 2021ರ ನಿಯಮಗಳು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳ, ಅಂದರೆ ಜನರನ್ನು ಸೇರಿಸಿದರೆ ಬೇಗ ದುಡ್ಡು ಬರುತ್ತೆ ಅನ್ನೋ ಸ್ಕೀಮುಗಳ, ಮೇಲೆ 1978ರಿಂದಲೇ ನಿಷೇಧ ಇದೆ. ನಿಮ್ಮ ಕಮಿಷನ್ ಸ್ಟೇಟ್‌ಮೆಂಟ್ ತೆಗೆದು ಯಾವ ಸಾಲಿನಿಂದ ಎಷ್ಟು ಬಂದಿದೆ ನೋಡಿ, ಕಾಮೆಂಟಿನಲ್ಲಿ ಹೇಳಿ. ಅದು ಹಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತೆ.