ಅಮೆರಿಕದ ಪೇರೆಂಟ್ ಕಂಪನಿಗೇ ನಷ್ಟ ಇರುವಾಗ ಅದರದೇ ಒಡೆತನದ ಬೆಂಗಳೂರಿನ ಸಬ್ಸಿಡಿಯರಿ ಯಾಕೆ ಲಾಭ ತೋರಿಸ್ಬೇಕು?

ಯಾಕಂದ್ರೆ ರಿಸ್ಕ್ ಪೇರೆಂಟ್‌ದು, ಬೆಂಗಳೂರಿನ ಕಂಪನಿಯದ್ದಲ್ಲ. ಇಲ್ಲಿನ ಎಷ್ಟೋ ಕ್ಯಾಪ್ಟಿವ್ ಸೆಂಟರ್‌ಗಳು (ತಮ್ಮ ಗ್ರೂಪ್‌ಗಾಗಿಯೇ ಕೆಲಸ ಮಾಡೋ ಸಬ್ಸಿಡಿಯರಿಗಳು) ಕಾಸ್ಟ್-ಪ್ಲಸ್ ಲೆಕ್ಕದಲ್ಲಿ ನಡೀತವೆ, ಅಂದ್ರೆ ಸಂಬಳ, ಬಾಡಿಗೆ, ಕರೆಂಟ್ ಎಲ್ಲಾ ಸೇರಿ 100 ರೂಪಾಯಿ ಖರ್ಚಾದ್ರೆ ಪೇರೆಂಟ್‌ಗೆ ಉದಾಹರಣೆಗೆ 115 ರೂಪಾಯಿ ಬಿಲ್ ಹಾಕ್ತಾರೆ. 2020ರಲ್ಲಿ ಕೋವಿಡ್‌ನಿಂದ ಆಫೀಸ್ ಖಾಲಿ ಬಿದ್ದಿದ್ರೂ ಬಾಡಿಗೆ ಕಟ್ಟಿದ್ರು, ಅದೂ ಆ ಬಿಲ್‌ಗೇ ಸೇರ್ತು.

ತೆರಿಗೆ ಕಾನೂನು ಕೇಳೋದು ಒಂದೇ: ಇವರಿಬ್ರೂ ಸಂಬಂಧವೇ ಇಲ್ಲದ ಎರಡು ಕಂಪನಿಗಳಾಗಿದ್ರೆ ಎಷ್ಟು ರೇಟ್‌ಗೆ ಒಪ್ಕೋತಿದ್ರು? ಇದಕ್ಕೆ ಆರ್ಮ್ಸ್ ಲೆಂಥ್ ಬೆಲೆ ಅಂತಾರೆ, ನಮ್ಮಲ್ಲಿ 2001ರಿಂದ ಇದೆ. ಒಳ್ಳೆ ಕಾಲದಲ್ಲಿ ದೊಡ್ಡ ಲಾಭವೆಲ್ಲ ಪೇರೆಂಟ್‌ಗೆ ಹೋಗಿದ್ದು ರಿಸ್ಕ್ ಅವರದು ಅನ್ನೋ ಕಾರಣಕ್ಕೇ ತಾನೇ, ಹಾಗಿದ್ಮೇಲೆ ಕೆಟ್ಟ ಕಾಲದಲ್ಲಿ ನಷ್ಟ ತಂದು ಇಲ್ಲಿ ಸುರಿಯೋಕಾಗಲ್ಲ. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಕೋವಿಡ್ ಬಗ್ಗೆ 2020ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲೂ ಇದೇ ಇತ್ತು: ಕಡಿಮೆ ರಿಸ್ಕ್‌ನ ಕಂಪನಿಗೂ ಕೆಲವು ಸಂದರ್ಭಗಳಲ್ಲಿ ನಷ್ಟ ಆಗಬಹುದು, ಆದ್ರೆ ಮೊನ್ನೆವರೆಗೂ ಮಾರ್ಕೆಟ್ ರಿಸ್ಕ್ ನಂದಲ್ಲ ಅಂದವರು ಈಗ ನಂದೇ ಅಂದ್ರೆ ನಡೆಯಲ್ಲ.

ಮಾರ್ಜಿನ್, ಅಂದ್ರೆ ಖರ್ಚಿನ ಮೇಲೆ ಸೇರಿಸೋ ಆ ಲಾಭ, ಇಳಿಸೋಕೆ ಆಗೋದೇ ಇಲ್ಲ ಅಂತಲ್ಲ. ಅದೇ ಥರ ಕೆಲಸ ಮಾಡೋ ಬೇರೆ ಕಂಪನಿಗಳ ಲಾಭವೂ ಇಳಿದಿದ್ರೆ ಇಳಿಸಬಹುದು. ಇಲ್ಲೊಂದು ತೊಡಕಿದೆ, ನಮ್ಮ ರೂಲ್ಸ್ ಪ್ರಕಾರ ಹೋಲಿಕೆಗೆ ಮೂರು ವರ್ಷದ ಡೇಟಾವರೆಗೂ ತಗೋತಾರೆ, ಹಳೇ ಒಳ್ಳೆ ವರ್ಷಗಳು ಸರಾಸರಿನ ಮೇಲಕ್ಕೆ ಎಳೀತವೆ. ಅದಕ್ಕೇ ಕ್ಲೈಂಟ್ ಆರ್ಡರ್ ರದ್ದಾದ ಮೇಲ್, ರೇಟ್ ಬದಲಿಸಿದ ಬೋರ್ಡ್ ಮಿನಿಟ್ಸ್, ಖಾಲಿ ಕೂತ ಸಿಬ್ಬಂದಿ ಲೆಕ್ಕ ಎಲ್ಲಾ ಆಗಲೇ ಎತ್ತಿಟ್ಕೊಳ್ಳಿ, ದಯವಿಟ್ಟು. ತೆರಿಗೆ ಇಲಾಖೆಯ ವಿಚಾರಣೆ ಬರೋದು ವರ್ಷಗಳಾದ ಮೇಲೆ, ಅಷ್ಟೊತ್ತಿಗೆ ಆ ಮೇಲ್ ಬರೆದವರು ಕಂಪನಿ ಬಿಟ್ಟು ಹೋಗಿರ್ತಾರೆ.