ನಿಕರಾಗುವಾಕ್ಕೆ ಕಾಫಿ ಕೊಯ್ಯಲು ಹೋದ ಅಮೆರಿಕನ್ನರಿಂದ ಕ್ರಾಂತಿಗೆ ಏನಾದರೂ ಪ್ರಯೋಜನವಾಯಿತೇ? ನಾನೂ ಅಂಥ ಹೋರಾಟಕ್ಕೆ ಹೋಗಬಹುದೇ?

ಈ ಹುಚ್ಚು ಒಂದು ಕಾಲಕ್ಕೆ ನನಗೂ ಇತ್ತು. ಆದರೆ ಹೋಗಬಹುದೇ ಅನ್ನುವುದಕ್ಕಿಂತ ಮುಂಚೆ, ಯಾರು ಕರೆದಿದ್ದಾರೆ, ನಿಮಗೆ ಯಾವ ಕೆಲಸ ಬರುತ್ತದೆ ಅನ್ನುವುದನ್ನು ಹೇಳಿ.

1979ರಲ್ಲಿ ಮಧ್ಯ ಅಮೆರಿಕದ ಈ ದೇಶದಲ್ಲಿ ಎಡಪಂಥೀಯ ಸ್ಯಾಂಡಿನಿಸ್ಟಾ ಪಕ್ಷದವರು ಸರ್ವಾಧಿಕಾರಿ ಸೊಮೋಜಾನನ್ನು ಓಡಿಸಿ ಅಧಿಕಾರ ಹಿಡಿದರು. ಅಮೆರಿಕದ ರೇಗನ್ ಸರ್ಕಾರ ಅವರ ವಿರುದ್ಧ ಬಂದೂಕು ಹಿಡಿದ ಕಾಂಟ್ರಾ ಪಡೆಗಳನ್ನು ಸಾಕಿತು, 1985ರಲ್ಲಿ ವ್ಯಾಪಾರವನ್ನೂ ನಿಲ್ಲಿಸಿತು. ಹುಡುಗರೆಲ್ಲ ಸೈನ್ಯಕ್ಕೆ ಹೋದಮೇಲೆ ಮಟಗಾಲ್ಪಾ, ಹಿನೊಟೆಗಾ ಬೆಟ್ಟಗಳಲ್ಲಿ ಕೊಯ್ಲಿಗೆ ಆಳಿಲ್ಲ. ಆಗ ಬಂದವರು ಈ ವಿದ್ಯಾರ್ಥಿಗಳು, ಮೇಷ್ಟ್ರುಗಳು. ಚಿಕ್ಕಮಗಳೂರು, ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಸೊಂಟಕ್ಕೆ ಬುಟ್ಟಿ ಕಟ್ಟಿ ಇಳಿಜಾರಿನಲ್ಲಿ ನಿಂತು, ರೆಂಬೆ ಮುರಿಯದೆ ಕೆಂಪು ಹಣ್ಣನ್ನಷ್ಟೇ ಬಿಡಿಸುವುದು ವಾರದಲ್ಲಿ ಬರುವ ವಿದ್ಯೆಯಲ್ಲ. ಸ್ಥಳೀಯರಷ್ಟು ಇವರು ಕೊಯ್ಯಲಿಲ್ಲ. ಊರಿಗೆ ಮರಳಿ, ಕಾಂಟ್ರಾಗಳಿಗೆ ದುಡ್ಡು ನಿಲ್ಲಿಸಿ ಎಂದು ತಮ್ಮ ಸಂಸದರ ಬೆನ್ನುಬಿದ್ದರಲ್ಲ, ಉಪಯೋಗಕ್ಕೆ ಬಂದದ್ದು ಅದು.

ಅಮೆರಿಕದಿಂದಲೇ ಹೋದ ಬೆನ್ ಲಿಂಡರ್ ಬೇರೆ ಥರದವನು. ಮೆಕ್ಯಾನಿಕಲ್ ಇಂಜಿನಿಯರ್. ಎಲ್ ಕುವಾ ಊರಿಗೆ ಹಳ್ಳದ ನೀರಿನಿಂದ ಕರೆಂಟು ತರುವ ಕೆಲಸಕ್ಕೆ ನಿಂತ. ಇಂಥ ಕೆಲಸದಲ್ಲಿ ಹಳ್ಳಕ್ಕೆ ಅಡ್ಡಕಟ್ಟಿ, ಅದರಲ್ಲಿ ಕಚ್ಚು ಬಿಟ್ಟು, ಕಚ್ಚಿನ ಮೇಲೆ ನೀರು ಎಷ್ಟೆತ್ತರಕ್ಕೆ ಹರಿಯುತ್ತದೆಂದು ನೋಡಿ ಹರಿವು ಅಳೆಯುತ್ತಾರೆ. ಸೆಕೆಂಡಿಗೆ 100 ಲೀಟರ್ ನೀರು 30 ಮೀಟರ್ ಇಳಿದರೆ ಲೆಕ್ಕಕ್ಕೆ 29 ಕಿಲೋವ್ಯಾಟ್. ಪೈಪು, ಟರ್ಬೈನು, ಜನರೇಟರಿನಲ್ಲಿ ಕಳೆದು ಕೈಗೆ ಸಿಗುವುದು 17-18. ಅಳತೆ ಬೇಸಿಗೆಯ ಕೊನೆಯಲ್ಲೇ ಆಗಬೇಕು. ಮಳೆಗಾಲದ ನೀರು ನಂಬಿ ಯಂತ್ರ ತಂದರೆ ಏಪ್ರಿಲ್‌ನಲ್ಲಿ ಊರೆಲ್ಲ ಕತ್ತಲೆ. 1987ರ ಏಪ್ರಿಲ್ 28ರಂದು, ಬೊಕಾಯ್ ಊರಿನ ಯೋಜನೆಗೆ ಹಳ್ಳದ ಬಳಿ ಕೆಲಸದಲ್ಲಿದ್ದಾಗ ಕಾಂಟ್ರಾಗಳು ಅವನನ್ನೂ ಜೊತೆಗಿದ್ದ ಇಬ್ಬರು ನಿಕರಾಗುವಾದವರನ್ನೂ ಕೊಂದರು. ಅವನಿಗೆ 27 ವರ್ಷ.

ಹೊರಗಿನ ಬೆಂಬಲಿಗರು ಎಡವಿದ್ದು ಸ್ಯಾಂಡಿನಿಸ್ಟಾ ಪಕ್ಷವನ್ನೇ ಜನ ಅಂದುಕೊಂಡದ್ದರಲ್ಲಿ. 1982ರಲ್ಲಿ ಸರ್ಕಾರ ಅಲ್ಲಿನ ಮೂಲನಿವಾಸಿ ಮಿಸ್ಕಿಟೊ ಜನರನ್ನು ಕೊಕೊ ನದಿಯ ಊರುಗಳಿಂದ ಎಬ್ಬಿಸಿ ಸಾಗಿಸಿದಾಗ ಅನೇಕರು ಸಬೂಬು ಹುಡುಕಿದರು. ಇವರು ಉಳಿದದ್ದು ಪಕ್ಷ ತೋರಿಸಿದ ಮನೆ, ಜೊತೆಗೆ ಪಕ್ಷ ಕೊಟ್ಟ ದುಭಾಷಿ. ಕಡ್ಡಾಯ ಸೈನ್ಯಸೇವೆಗೆ ಮಗನನ್ನು ಕಳಿಸಿ ಹೈರಾಣಾಗಿದ್ದ ತಾಯಿಯ ಮಾತು ಕಿವಿಗೆ ಬೀಳುವುದು ಹೇಗೆ? ಹಾಗಾಗಿ 1990ರ ಚುನಾವಣೆಯಲ್ಲಿ ಸ್ಯಾಂಡಿನಿಸ್ಟಾ ಅಧ್ಯಕ್ಷ ಒರ್ಟೆಗಾ ವಿರೋಧಿ ಅಭ್ಯರ್ಥಿ ವಿಯೊಲೆಟಾ ಚಮೊರೊ ಎದುರು ಸೋತದ್ದು ಇವರಿಗೆ ಸಿಡಿಲೆರಗಿದಂತಾಯಿತು. ಅಧಿಕಾರ ಬಿಡುವ ಮೊದಲು ಮುಖಂಡರು ಸರ್ಕಾರಿ ಮನೆ, ಜಮೀನು ತಮ್ಮ ಹೆಸರಿಗೆ ಮಾಡಿಕೊಂಡಾಗಲೂ ಹಲವರು ಬಾಯಿ ಬಿಡಲಿಲ್ಲ. 2018ರಲ್ಲಿ, ಮತ್ತೆ ಅಧಿಕಾರಕ್ಕೆ ಬಂದಿದ್ದ ಅದೇ ಒರ್ಟೆಗಾನ ಆಳ್ವಿಕೆಯಲ್ಲಿ ಪ್ರತಿಭಟನೆಗಳನ್ನು ಹತ್ತಿಕ್ಕಿದಾಗ 300ಕ್ಕೂ ಹೆಚ್ಚು ಜನ ಸತ್ತರು. 2021ರಲ್ಲಿ ಜೈಲಿಗೆ ಹೋದವರಲ್ಲಿ ಹಳೆಯ ಗೆರಿಲ್ಲಾ ಕಮಾಂಡರ್ ದೋರಾ ಮರಿಯಾ ಟೆಲ್ಯೆಸ್ ಕೂಡ ಇದ್ದರು. ಇಷ್ಟಾದರೂ ಒರ್ಟೆಗಾನ ಪರ ಮಾತಾಡುವ ಪಾಶ್ಚಾತ್ಯರಿದ್ದಾರೆ, ಅವರಿಗೇನು ಹೇಳುವುದು!

ಬೊಕಾಯ್ ಕೆಲಸ ಮಾತ್ರ ಪಕ್ಷ ಸೋತಮೇಲೂ ನಿಲ್ಲಲಿಲ್ಲ, ಲಿಂಡರ್ ಜೊತೆಗಾರರು 90ರ ದಶಕದಲ್ಲಿ ಅದನ್ನು ಮುಗಿಸಿದರು.

ನಿಮಗೆ ಅಲ್ಲಿನ ಭಾಷೆ ಬಂದು, ಊರವರೇ ಕರೆದು, ನೀವು ಹೊರಟಮೇಲೆ ಬೇರಿಂಗ್ ಬದಲಾಯಿಸಲು ಅಲ್ಲೊಬ್ಬರು ತಯಾರಾಗುವಷ್ಟು ಕಾಲ ಇರುವುದಾದರೆ ಹೋಗಿ. ಕೊಯ್ಲಿಗೆ ಅಂತಾದರೆ ಟಿಕೆಟ್ ದುಡ್ಡನ್ನೇ ಕಳಿಸಿ, ಅಲ್ಲಿನ ಆಳಿಗೆ ಕೂಲಿಯಾದರೂ ಆಗುತ್ತದೆ.