ಕುದುರೆ ಅಡ್ಡ ನಿಂತರೆ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಹೋದ ಭಾನುವಾರ ಶಿವಮೊಗ್ಗದಲ್ಲಿ ಚೆಸ್ ಟೂರ್ನಮೆಂಟ್ ಆಡಿದ. ಕಪ್ಪು ಕಾಯಿ ಬಂದಿತ್ತು. ಎದುರಿನವನ ಕುದುರೆ ಎಫ್7ಕ್ಕೆ ನುಗ್ಗಿತು, ಹತ್ತು ಹನ್ನೆರಡು ನಡೆಯಲ್ಲೇ ಸೋತ. ನಡೆ ಬರೆದ ಹಾಳೆ ಕಳಿಸಿದ್ದೇನೆ. ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕ ತಂದು ಬಾಯಿಪಾಠ ಮಾಡಿಸಬೇಕಾ ಸರ್?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಬೇಡ ಮಾರಾಯ್ರೆ. ಹಾಳೆ ನೋಡಿದೆ. (ಎಫ್7 ಅಂದರೆ ಬಿಳಿ ಕಡೆಯಿಂದ ನೋಡಿದಾಗ ಎಡದಿಂದ ಎ, ಬಿ ಅಂತ ಎಣಿಸಿದ ಎಫ್ ಸಾಲಿನ ಏಳನೇ ಮನೆ; ಉಳಿದ ಮನೆಗಳೂ ಹೀಗೇ.) ನಾಲ್ಕು ನಡೆವರೆಗೆ ಹುಡುಗನ ತಪ್ಪೇ ಇಲ್ಲ.

ಇದು ಇಟಾಲಿಯನ್ ಓಪನಿಂಗ್. ಬಿಳಿ ಒಂಟೆ ಸಿ4ಕ್ಕೆ ಬಂದಾಗ ನಿಮ್ಮವನು ಎರಡನೇ ಕುದುರೆಯನ್ನು ಎಫ್6ಕ್ಕೆ ತಂದ. ಒಳ್ಳೆಯ ನಡೆಯೇ. ಆದರೆ ಅಲ್ಲಿಯವರೆಗೆ ಜಿ5 ಮನೆಯನ್ನು ಅವನ ಮಂತ್ರಿ ಕಾಯುತ್ತಿತ್ತು. ಈಗ ತನ್ನದೇ ಕುದುರೆ ಅಡ್ಡ ನಿಂತಿತು! ಬಿಳಿ ಕುದುರೆ ಆರಾಮಾಗಿ ಜಿ5ರಲ್ಲಿ ಕೂತಿತು. ಒಂಟೆ, ಕುದುರೆ ಎರಡೂ ಸೇರಿ ಎಫ್7ಕ್ಕೆ ಗುರಿ. ಅದನ್ನು ಕಾಯೋಕೆ ಇರುವುದು ರಾಜ ಒಬ್ಬನೇ.

ಹುಡುಗ ಡಿ5ಕ್ಕೆ ಕಾಲಾಳು ನೂಕಿ ಒಂಟೆಯ ದಾರಿ ಮುಚ್ಚಿದ. ಬಿಳಿ ಅದನ್ನು ಹೊಡೆಯಿತು. ಇವನು ತಿರುಗಿ ಕುದುರೆಯಿಂದ ಹೊಡೆದ. ಎಡವಿದ್ದು ಇಲ್ಲೇ. ಬಿಳಿ ಕುದುರೆ ಎಫ್7ಕ್ಕೆ ಹಾರಿ ಮಂತ್ರಿ, ಆನೆ ಎರಡನ್ನೂ ಹಿಡಿಯಿತು. ರಾಜ ಅದನ್ನು ಹೊಡೆದ ಕೂಡಲೇ ಎಫ್3ಕ್ಕೆ ಬಿಳಿ ಮಂತ್ರಿ, ಚೆಕ್. ಡಿ5ರ ಕುದುರೆ ಉಳಿಸೋಕೆ ರಾಜ ಇ6ಕ್ಕೆ, ಬಯಲಿಗೆ ಬರಬೇಕು. ಸುಮಾರು 400 ವರ್ಷದ ಹಳೆ ಬಲೆ ಇದು. ಇಂಗ್ಲಿಷಿನವರು 'ಫ್ರೈಡ್ ಲಿವರ್' (ಹುರಿದ ಲಿವರ್) ಅಂತಾರೆ. ನಮ್ಮಜ್ಜಿ ಎದುರು ಈ ಹೆಸರು ಹೇಳೋ ಧೈರ್ಯ ನನಗೆ ಬರಲಿಲ್ಲ.

ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಕೆಣಕಬೇಕಿತ್ತು. ಒಂದು ಕಾಲಾಳು ಹೋಗುತ್ತದೆ, ಹೋಗಲಿ. ಕಾಯಿಗಳು ಬೇಗ ಹೊರಗೆ ಬರುತ್ತವೆ. ಅಷ್ಟು ರಿಸ್ಕ್ ಬೇಡ ಅಂದರೆ ಮೂರನೇ ನಡೆಯಲ್ಲೇ ಒಂಟೆಯನ್ನು ಸಿ5ಕ್ಕೆ ಬಿಡಲಿ. ಆಗ ಕುದುರೆ ಜಿ5ಕ್ಕೆ ಬಂದರೆ ಮಂತ್ರಿ ಪುಕ್ಕಟೆ ಹೊಡೆಯುತ್ತದೆ.

ನಾನು ಆಟ ಕಲಿತಿದ್ದು ಸಾಗರದ ಹತ್ತಿರ, ಅಜ್ಜನ ಜಗಲಿಯಲ್ಲಿ, ಮಳೆಗಾಲದಲ್ಲಿ. ಅವರದ್ದು ಹಳೆ ಕ್ರಮ. ಕಾಲಾಳಿಗೆ ಯಾವಾಗಲೂ ಒಂದೇ ಮನೆ. ರಾಜ ಒಮ್ಮೆ ಮಾತ್ರ ಕುದುರೆ ಹಾಗೆ ಹಾರಬಹುದು. ಊರಿಗೆಲ್ಲ ನಾನೇ ಶೂರ! ಮೊದಲ ಟೂರ್ನಮೆಂಟಿನಲ್ಲಿ ಇದೇ ಬಲೆಗೆ ಬಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ.

ಇವತ್ತು ಸಂಜೆ ಮಗನಿಗೆ ಬಿಳಿ ಕೊಡಿ. ನೀವು ಕಪ್ಪು ಹಿಡಿದು ಅವನ ತಪ್ಪನ್ನೇ ಮಾಡಿ. ಅವನು ನಿಮ್ಮನ್ನು ಎರಡು ಸಲ ಸೋಲಿಸಲಿ.